ಗಂಗಕ್ಕ ಹೇಳಿದ ಸಿನಿಮಾ

ಗಂಗಕ್ಕ ಪಿಸುಗುಟ್ಟಿದರೆ ಟಾಕೀಜಿನ ಕೊನೆಯ ಸಾಲಿಗೂ ಕೇಳಿಸುತ್ತಿತ್ತು. ಇಚಲಕರಂಜಿಯ ಮಗ್ಗದ ಶೆಡ್ಡಿನಲ್ಲಿ ಹದಿನೈದು ವರ್ಷ ಕಾಂಡಿಗೆ ನೂಲು ಸುತ್ತಿದ ಹೆಂಗಸು ಆಕೆ. ಅಲ್ಲಿಯ ಗದ್ದಲದಲ್ಲಿ ಒಂದೋ ಎದುರಿನವರ ತುಟಿ ನೋಡಿ ಮಾತು ತಿಳಿಯಬೇಕು, ಇಲ್ಲವೇ ಕಿರುಚಬೇಕು. ಗಂಗಕ್ಕನಿಗೆ ಎರಡೂ ಬರುತ್ತಿದ್ದವು, ಮೆಲ್ಲಗೆ ಮಾತಾಡುವುದೊಂದು ಮರೆತುಹೋಗಿತ್ತು. ಒಮ್ಮೆ ಮುಂದಿನ ಸಾಲಿನ ಗಂಡಸೊಬ್ಬ ತಿರುಗಿ, ‘ಬಾಯಿ, ಜರಾ ಹಳೂ ಬೋಲಾ’ ಎಂದು ಮರಾಠಿಯಲ್ಲಿ ಹೇಳಿ ಕೈ ಮುಗಿದ. ಅಮ್ಮಾ, ಸ್ವಲ್ಪ ಮೆಲ್ಲಗೆ ಮಾತಾಡಿ ಎಂದು ಅವನ ಬೇಡಿಕೆ. ಗಂಗಕ್ಕ ನಿಜಕ್ಕೂ ಆಶ್ಚರ್ಯಪಟ್ಟು, ‘ಮೀ ಹಳೂಚ್ ಬೋಲ್ತೆ ಕೀ’ ಎಂದಳು. ತಾನು ಮೆಲ್ಲಗೇ ಮಾತಾಡುತ್ತಿದ್ದೇನೆ ಎಂಬ ಆ ಮಾತೂ ಇಡೀ ಟಾಕೀಜಿಗೆ ಕೇಳಿಸಿತು.

ನನಗೆ ಆರು ವರ್ಷವಾಗಿದ್ದಾಗ ಅವ್ವ ಕಾಮಾಲೆಯಿಂದ ತೀರಿಕೊಂಡಳು. ಅವ್ವನ ತಾಯಿ, ಅಂದರೆ ನನ್ನ ಆಯಿ, ನನ್ನನ್ನು ಕರೆದುಕೊಂಡು ಅಥಣಿ ಕಡೆಯ ಹಳ್ಳಿಯಿಂದ ಇಚಲಕರಂಜಿಗೆ ಬಂದು ಗಂಗಕ್ಕನ ಶೆಡ್ಡಿನಲ್ಲೇ ಕೆಲಸ ಹಿಡಿದಳು. ನಮ್ಮ ಕಡೆ ಅಜ್ಜಿಗೆ ಆಯಿ ಅನ್ನುತ್ತಾರೆ. ಗಂಗಕ್ಕನದು ಪಕ್ಕದ ಖೋಲಿ. ನನಗೂ ಆಯಿಗೂ ಮರಾಠಿಯ ಗಂಧಗಾಳಿ ಇರಲಿಲ್ಲ. ರಜೆಯ ದಿನ ಗಂಗಕ್ಕ ನಮ್ಮನ್ನು ಟಾಕೀಜಿಗೆ ಎಳೆದೊಯ್ದು, ನಮ್ಮಿಬ್ಬರ ನಡುವೆ ತಾನು ಕೂತು, ಪರದೆಯ ಮೇಲಿನ ಮರಾಠಿಯನ್ನೆಲ್ಲ ಕನ್ನಡ ಮಾಡಿ ಹೇಳುತ್ತಿದ್ದಳು.

ಆಕೆಯ ಕನ್ನಡದಲ್ಲಿ ಎಲ್ಲ ಸಿನಿಮಾಗಳೂ ನಮ್ಮ ಶೆಡ್ಡಿನಲ್ಲೇ ನಡೆಯುತ್ತಿದ್ದವು. ಖಳನಾಯಕ ಬಂದ ಕೂಡಲೇ, ‘ಇಂವಾ ಜಾಬರ್’ ಎಂದುಬಿಡುತ್ತಿದ್ದಳು. ಜಾಬರ್ ಎಂದರೆ ಮಗ್ಗ ರಿಪೇರಿ ಮಾಡುವವನು. ನಮ್ಮ ಶೆಡ್ಡಿನವನಿಗೂ ಗಂಗಕ್ಕನಿಗೂ ಎಣ್ಣೆ ಸೀಗೆಕಾಯಿ. ನಾಯಕಿ ಮರ ಸುತ್ತಿ ಹಾಡಿದರೆ, ಪಾಳಿ ಮುಗಿಸಿಕೊಂಡು ಬಂದಾಳ, ಹಾಡಲಿ ಬಿಡು ಅನ್ನುತ್ತಿದ್ದಳು. ಇನ್ನೊಂದು ಪದ್ಧತಿ ಇತ್ತು. ಸಿನಿಮಾ ಮುಗಿಯಲು ಹತ್ತು ನಿಮಿಷ ಇರುವಾಗಲೇ ಎದ್ದುಬಿಡುವುದು. ‘ಏಳ್ರಿ, ಗರ್ದಿ ಆಗ್ತೈತಿ’ ಎಂದು ನಮ್ಮನ್ನೂ ಎಬ್ಬಿಸುತ್ತಿದ್ದಳು. ಜನ ಹೊರಬೀಳುವ ಮೊದಲೇ ನಾವು ಭಜಿ ಅಂಗಡಿಯ ಮುಂದಿರುತ್ತಿದ್ದೆವು. ಕೊನೆಯ ಭಾಗವನ್ನು ಗಂಗಕ್ಕ ಭಜಿ ತಿನ್ನುತ್ತ ಹೇಳುತ್ತಿದ್ದಳು.

ನಾವು ನೋಡಿದ ಮೊದಲ ಸಿನಿಮಾದಲ್ಲಿ ಹೊಳೆ ಬಂದು ಒಬ್ಬ ಹುಡುಗನೂ ಅವನ ಆಯಿಯೂ ಅಗಲುತ್ತಾರೆ. ಹುಡುಗ ದೊಡ್ಡವನಾಗಿ ಲಾರಿ ಓಡಿಸುತ್ತ ಊರೂರಿಗೆ ಆಯಿಯನ್ನು ಹುಡುಕುತ್ತಾನೆ. ಪರದೆಯ ಮೇಲೆ ಅವನು ‘ಆಯಿ, ಆಯಿ’ ಎಂದು ಕೂಗಿದ್ದು ನನ್ನ ಕಿವಿಗೇ ಬಿದ್ದಿತ್ತು. ಆಯಿ ಅಷ್ಟು ಸಣ್ಣ ವಯಸ್ಸಿನವಳು ಹೇಗೆ ಎಂದು ಕೇಳಿದ್ದೆ. ಪೇಟೆಯ ಆಯಿಗಳು ಕೂದಲಿಗೆ ಬಣ್ಣ ಹಚ್ಚುತ್ತಾರೆ ಎಂದು ಗಂಗಕ್ಕ ಸಮಾಧಾನ ಹೇಳಿದಳು. ನಾನು ಬಿಕ್ಕಿ ಬಿಕ್ಕಿ ಅತ್ತೆ. ಹೊರಗೆ ಬಂದ ಮೇಲೆ ಗಂಗಕ್ಕ, ‘ಆಯಿ ಸಿಕ್ಳು. ಮನಿಗೆ ಕರ್ಕೊಂಡು ಹೋದ. ರೊಟ್ಟಿ ಬಡದು ಹಾಕಿದ್ಲು, ಉಂಡ’ ಎಂದಳು.

ವರ್ಷ ಕಳೆಯುವುದರೊಳಗೆ ನನಗೆ ಮರಾಠಿ ನೀರು ಕುಡಿದಷ್ಟು ಸಲೀಸಾಯಿತು. ಮರಾಠಿಯಲ್ಲಿ ಆಯಿ ಎಂದರೆ ತಾಯಿ ಎಂದು ತಿಳಿದಾಗ ನಕ್ಕು ನಕ್ಕು ಸಾಕಾಯಿತು. ಗಂಗಕ್ಕ ಮರಾಠಿ ತಾಯಿಯನ್ನು ಕನ್ನಡದ ಅಜ್ಜಿ ಮಾಡಿದ್ದಳು. ಕಾಲೇಜಿನಲ್ಲಿ, ಆಮೇಲೆ ಕೊಲ್ಹಾಪುರದ ಆಫೀಸಿನಲ್ಲಿ, ಇದನ್ನು ಎಷ್ಟು ಜನರಿಗೆ ಹೇಳಿ ನಗಿಸಿದ್ದೇನೋ ಲೆಕ್ಕವಿಲ್ಲ.

ಈ ವರ್ಷ ಆಯಿ ತೀರಿಕೊಂಡಳು. ಕೊಲ್ಹಾಪುರದ ನನ್ನ ಮನೆಯಲ್ಲೇ, ಬೆಳಗಿನ ಚಹಾ ಕುಡಿದು, ಕೂತಲ್ಲೇ ಹೋದಳು. ನನಗೆ ಅಳು ಬರಲಿಲ್ಲ. ಬಂದವರಿಗೆ ಕುರ್ಚಿ ಹಾಕಿದೆ, ಫೋನು ಬಂದರೆ ಎತ್ತಿದೆ. ಎಂಟು ದಿನಕ್ಕೆ ಆಫೀಸಿಗೆ ಹೋದೆ. ಎರಡು ತಿಂಗಳಾದರೂ ಹಾಗೇ. ನನ್ನನ್ನು ಸಾಕಿದವಳಿಗೆ ಒಂದು ಹನಿ ಕಣ್ಣೀರು ಹಾಕಲಾರದವಳಾದೆನಲ್ಲ ಎಂದು ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಆಗ ಆ ಸಿನಿಮಾ ನೆನಪಾಯಿತು. ಅಂದು ಅಳಿಸಿದ್ದು ಇಂದೂ ಅಳಿಸಬಹುದು ಎಂದು ಮೊಬೈಲಿನಲ್ಲಿ ಹುಡುಕಿ, ಒಂದು ರವಿವಾರ ಮಧ್ಯಾಹ್ನ ನೋಡಿದೆ.

ಬಣ್ಣ ಮಾಸಿದ ಸಿನಿಮಾ. ಲಾರಿ ಚಿಕ್ಕದು, ಹೊಳೆಯಂತೂ ಮೊಣಕಾಲುದ್ದ. ಎಂದೂ ನೋಡಿರದ ಕೊನೆಯ ಹತ್ತು ನಿಮಿಷವನ್ನೂ ನೋಡಿದೆ. ಮಗ ಹುಡುಕಿಕೊಂಡು ಬರುತ್ತಾನೆ, ತಾಯಿ ಅವನ ತೊಡೆಯ ಮೇಲೆ ಸಾಯುತ್ತಾಳೆ. ನನಗೇನೂ ಅನ್ನಿಸಲಿಲ್ಲ. ಎದ್ದು ಒಣಗಿದ ಬಟ್ಟೆ ತೆಗೆದೆ. ಬಟ್ಟೆ ಮಡಚುವಾಗ ಒಂದು ಮಾತು ಹೊಳೆಯಿತು. ಗಂಗಕ್ಕ ಆಗಲೇ ಇಚಲಕರಂಜಿಯಲ್ಲಿ ಹದಿನೈದು ವರ್ಷ ಕಳೆದವಳು. ಮುಂದಿನ ಸಾಲಿನವನಿಗೆ ತಡವರಿಸದೆ ಮರಾಠಿಯಲ್ಲಿ ಉತ್ತರ ಕೊಟ್ಟವಳು. ಆಯಿ ಎಂದರೇನೆಂದು ಆಕೆಗೆ ಗೊತ್ತಿರಲಿಲ್ಲವೇ?

ಮುಂದಿನ ರವಿವಾರ ಎಸ್‌ಟಿ ಬಸ್ಸು ಹತ್ತಿ ಗಡಹಿಂಗ್ಲಜಕ್ಕೆ ಹೋದೆ. ಗಂಗಕ್ಕ ಅಲ್ಲಿ ಮಗಳ ಮನೆಯಲ್ಲಿದ್ದಳು. ಆಯಿ ಸತ್ತ ಸುದ್ದಿಯನ್ನೂ ನಾನು ತಿಳಿಸಿರಲಿಲ್ಲ, ಎದುರಿಗೆ ಕೂತೇ ಹೇಳಬೇಕು ಎಂದುಕೊಂಡಿದ್ದೆ. ಗಂಗಕ್ಕನ ಕಿವಿ ಈಗ ಪೂರ್ತಿ ಹೋಗಿತ್ತು. ಆದರೆ ತುಟಿ ಓದುವ ಕಣ್ಣು ಶೆಡ್ಡಿನಲ್ಲಿದ್ದಷ್ಟೇ ಚುರುಕಾಗಿತ್ತು. ಸುದ್ದಿ ಹೇಳುವ ಬದಲು ಮೊಬೈಲು ತೆಗೆದು ಸಿನಿಮಾ ಹಚ್ಚಿದೆ.

ಗುರುತು ಹಿಡಿಯಲು ಆಕೆಗೆ ಎರಡು ನಿಮಿಷವೂ ಬೇಕಾಗಲಿಲ್ಲ. ನನ್ನ ಕಡೆ ಬಾಗಿ ಅದೇ ಪಿಸುಮಾತಿನಲ್ಲಿ ಶುರು ಮಾಡಿದಳು. ಒಳಗಿದ್ದ ಮಗಳು, ಯಾರ ಜೊತೆ ಜಗಳ ಎಂದು ಓಡಿಬಂದಳು. ಹುಡುಗ ಆಯಿಯನ್ನು ಹುಡುಕಿದ, ಜಾಬರ್ ಅಡ್ಡ ಬಂದ. ಕೊನೆಗೆ ಹತ್ತು ನಿಮಿಷ ಉಳಿದಾಗ ಗಂಗಕ್ಕ ಗೋಡೆ ಹಿಡಿದು ಎದ್ದಳು.

‘ಏಳ ಮಗಳ, ಗರ್ದಿ ಆಗ್ತೈತಿ.’

ಇಬ್ಬರೂ ಹೊರಗೆ ಕಟ್ಟೆಯ ಮೇಲೆ ಕೂತೆವು. ಅದು ತಾಯಿಯ ಕಥೆ ಎಂದು ನಿನಗೆ ಆಗಲೇ ಗೊತ್ತಿತ್ತಲ್ಲ, ನಾನು ತಬ್ಬಲಿ ಎಂದು ಬದಲಿಸಿದೆಯಾ ಎಂದು ನಿಧಾನವಾಗಿ ತುಟಿ ಆಡಿಸಿ ಕೇಳಿದೆ. ಆಕೆ ನಕ್ಕಳು.

‘ನಿನಗಲ್ಲ, ನಿಮ್ಮ ಆಯಿಗೆ ಹೇಳಿದ್ನಿ. ಸತ್ತಾಕಿ ಆಕಿ ಮಗಳು. ನಿನಗ ತಿಳುವಳಿಕೆ ಎಲ್ಲಿತ್ತು? ಆಕಿ ಉಣ್ಣೂದ ಬಿಟ್ಟಿದ್ಲು. ನಾ ಇದ್ದರ ಯಾರಿಗೆ ಬೇಕು, ಸತ್ತರ ಯಾರಿಗೆ ಬೇಕು ಅಂತಿದ್ಲು. ಆಯಿನ್ನೂ ಹುಡುಕಾವ್ರು ಇರ್ತಾರ ಅಂತ ಆಕಿಗೆ ತೋರಸಬೇಕಾಗಿತ್ತು. ಅವತ್ತ ಹೊರಗ ಬಂದು ಎರಡ ಭಜಿ ತಿಂದ್ಲು ನೋಡು, ಎಂಟ ದಿನದ ಮ್ಯಾಲ.’

ನನಗೆ ಆ ಭಜಿ ನೆನಪಿರಲಿಲ್ಲ. ನನ್ನ ಅಳು ಮಾತ್ರ ನೆನಪಿತ್ತು. ಇಷ್ಟು ವರ್ಷ ಜನರನ್ನು ನಗಿಸುತ್ತ ತಿರುಗಿದವಳು ನಾನು.

‘ಈಗ ಹ್ಯಾಂಗ ಅದಾಳ ನಿಮ್ಮ ಆಯಿ? ಉಣ್ತಾಳಿಲ್ಲೊ?’ ಎಂದು ಗಂಗಕ್ಕ ಕೇಳಿದಳು.

ಹೇಳಲೆಂದೇ ಬಂದಿದ್ದೆ. ಬಾಯಿ ತೆರೆದೆ. ‘ಆರಾಮ ಅದಾಳ. ಮನ್ಯಾಗ ಅದಾಳ. ಹೊಟ್ಟಿ ತುಂಬ ಉಣ್ತಾಳ’ ಎಂದೆ. ಮೂರನೆಯ ಮಾತಿಗೆ ಬರುವಷ್ಟರಲ್ಲಿ ನನ್ನ ದನಿ ಒಡೆದುಹೋಗಿತ್ತು, ಆದರೂ ತುಟಿ ಆಡಿಸಿ ಮುಗಿಸಿದೆ.

ಗಂಗಕ್ಕ ನನ್ನ ತುಟಿಗಳನ್ನಷ್ಟೇ ನೋಡುತ್ತಿದ್ದಳು. ಚಲೋ ಆತು ಎಂದು ತಲೆಯಾಡಿಸಿದಳು.