ಕಾರಿನಿಂದ ಇಳಿಯದೆ ಕಂಡ ವಸಂತ

ನಿವೃತ್ತಿಗೆ ಮುಂಚಿನ ಕೊನೆಯ ವರ್ಷಗಳಲ್ಲಿ ನಾನು ಕೋಲ್ಕತ್ತಾದ ಒಂದು ಸರ್ಕಾರಿ ಸಂಶೋಧನಾ ಕಚೇರಿಯಲ್ಲಿ ಹಿರಿಯ ವಿಜ್ಞಾನಿಯಾಗಿದ್ದೆ. ಮರಗಳು ಯಾವಾಗ ಎಲೆ ಉದುರಿಸುತ್ತವೆ, ಯಾವಾಗ ಚಿಗುರುತ್ತವೆ ಎಂಬುದನ್ನು ಸ್ಯಾಟಲೈಟ್ ಚಿತ್ರಗಳಲ್ಲಿ ನೋಡುವುದು, ಆಮೇಲೆ ಅದೇ ಜಾಗಕ್ಕೆ ಹೋಗಿ ಕಣ್ಣಾರೆ ಕಂಡು ತಾಳೆ ಹಾಕುವುದು ನಮ್ಮ ಕೆಲಸ. ಈ ಎರಡನೆಯದಕ್ಕೆ ಗ್ರೌಂಡ್ ಟ್ರೂತ್ ಎನ್ನುತ್ತೇವೆ. ಹೆಸರು ದೊಡ್ಡದು, ಅದರ ಹೆಸರಿನಲ್ಲಿ ನಡೆಯುವ ಸೋಮಾರಿತನ ಇನ್ನೂ ದೊಡ್ಡದು.

ಆ ಫೆಬ್ರವರಿಯಲ್ಲಿ ಟಾಲಿಗಂಜ್‌ನ ಗಲ್ಲಿಯೊಂದರ ಹಿಂದಿನ ಒಂದು ತುಂಡು ಜಾಗ ಉಳಿದೆಲ್ಲ ಕಡೆಗಿಂತ ಮೊದಲೇ ಹಸಿರಾಗಿ ಕಂಡಿತು. ಧಾರವಾಡದ ಕಡೆಯವರಾದ ನಮ್ಮ ಮುಖ್ಯಸ್ಥರು ಹಿಗ್ಗಿಹೋದರು. ಪಾರ್ಕ್ ಸ್ಟ್ರೀಟಿನ ಹೋಟೆಲೊಂದರಲ್ಲಿ ನಡೆದ ವಿಚಾರ ಸಂಕಿರಣದಲ್ಲಿ, ನಗರಕ್ಕೆ ವಸಂತ ಬೇಗ ಬರುತ್ತಿದೆ ಎಂದು ಭಾಷಣ ಬಿಗಿದು, ಭರ್ಜರಿ ಊಟ ಮುಗಿಸಿ, ಹೂಗುಚ್ಛ ಹಿಡಿದು ಬಂದರು. ನಾವು ತಯಾರಿಸುತ್ತಿದ್ದ ನಗರದ ಕರಡು ನಕ್ಷೆಯಲ್ಲಿ ಆ ಜಾಗ ‘ಮರಗಳಿರುವ ನೆಲ’ವಾಯಿತು.

ನನಗೆ ಅದು ಗಂಟಲಲ್ಲಿ ಇಳಿಯಲಿಲ್ಲ. ಬೋಳು ಮರ ಚಿಗುರುವುದು ಸರಿ. ಆದರೆ ಈ ಹಸಿರು ಅಂಚಿನಿಂದ ಶುರುವಾಗಿ ವಾರವಾರವೂ ನಡುವಿಗೆ ಹಬ್ಬಿತ್ತು. ಯಾವ ಮರ ಹಾಗೆ ಚಿಗುರುತ್ತದೆ? ಸ್ಥಳಕ್ಕೆ ಹೋಗಿಬಂದಿದ್ದ ಸಹೋದ್ಯೋಗಿ, ನಮ್ಮ ಮೈಸೂರಿನವನೇ, ಒಂದು ಸೊಗಸಾದ ಅರಳಿ ಮರದ ಫೋಟೋ ಕೊಟ್ಟಿದ್ದ. ಇದು ನಾವು ಗುರುತಿಸಿದ ಜಾಗವೇ ಎಂದು ಕೇಳಿದೆ.

“ಪಾಯಿಂಟ್ ಒಳಗಡೆ ಇತ್ತು ಮೇಡಂ, ಗಬ್ಬು ನಾತ. ಅದಕ್ಕೇ ರೋಡ್ ಪಕ್ಕಕ್ಕೆ ಶಿಫ್ಟ್ ಮಾಡ್ಕೊಂಡೆ. ಎಲ್ರೂ ಹಾಗೇ ಮಾಡೋದು.”

ಕಾರಿನ ಗಾಜು ಇಳಿಸಿ ತೆಗೆದ ಫೋಟೋ! ನನಗೆ ಮೈಯೆಲ್ಲ ಉರಿಯಿತು.

ಮರುದಿನ ನಾನೇ ಹೋದೆ. ಗಲ್ಲಿಯ ತಿರುವಿನಲ್ಲೇ ನಾತ ಮೂಗಿಗೆ ಬಡಿಯಿತು. ನಮ್ಮ ವಸಂತ ಎಂದರೆ ಒಂದು ಕೆರೆ. ಸುತ್ತಲಿನ ಫ್ಲ್ಯಾಟುಗಳ ಕೊಳಚೆಯನ್ನೆಲ್ಲ ಕುಡಿದು ಕೊಬ್ಬಿದ ಅಂತರಗಂಗೆ ನೀರು ಕಾಣದಂತೆ ಹಬ್ಬಿತ್ತು. ಅದರ ನಡುವೆ ಸರಸ್ವತಿ ಪೂಜೆ ಮುಗಿದ ಮೇಲೆ ನೀರಿಗೆ ಬಿಟ್ಟ ಮೂರ್ತಿಗಳ ಹುಲ್ಲಿನ ಹಂದರ, ಪ್ಲಾಸ್ಟಿಕ್ ಚೀಲ, ಹೊಟ್ಟೆ ಉಬ್ಬಿ ಸತ್ತ ಮೀನು. ಮೆಟ್ಟಿಲ ಮೇಲೆ ಶೆಫಾಲಿದಿ ಎಂಬಾಕೆ ಕೋಲಿನಿಂದ ಕಳೆ ಎಳೆಯುತ್ತಿದ್ದಳು. ಆ ಕೆರೆಯಲ್ಲಿ ಮೀನು ಸಾಕಿ ಬದುಕುವವಳು. ನೀರಿರುವ ಜಾಗವನ್ನು ಮುಚ್ಚಲು ಕಾನೂನು ಬಿಡುವುದಿಲ್ಲ. ಆದರೆ ನಮ್ಮ ಕರಡು ಆಗಲೇ ಒಬ್ಬ ಬಿಲ್ಡರ್‌ನ ಕೈ ಸೇರಿತ್ತು.

“ಸರ್ಕಾರಿ ನಕ್ಷೇಲಿ ಇದು ಪುಕುರ್ ಅಲ್ವಂತೆ, ನೆಲವಂತೆ. ಮಣ್ಣು ಸುರೀತೀವಿ ಅಂತ ಹೇಳಿ ಹೋದ್ರು,” ಎಂದಳು ಹರಕು ಹಿಂದಿಯಲ್ಲಿ. ಪುಕುರ್ ಎಂದರೆ ಕೆರೆ. ಅದನ್ನು ನೆಲ ಮಾಡಿದವರಲ್ಲಿ ನಾನೂ ಒಬ್ಬಳು. ಕೆರೆಯ ನಾಲ್ಕೂ ಬದಿಯಿಂದ ಫೋಟೋ ತೆಗೆದುಕೊಂಡೆ.

ಕಚೇರಿಗೆ ಬಂದು ಮುಖ್ಯಸ್ಥರ ಮುಂದೆ ಫೋಟೋಗಳನ್ನು ಹರಡಿದೆ. ಅವರು ಕರವಸ್ತ್ರದಿಂದ ಮೂಗು ಮುಚ್ಚಿಕೊಂಡರು, ಫೋಟೋದಿಂದಲೇ ನಾತ ಬರುತ್ತಿದೆಯೋ ಎಂಬಂತೆ.

“ಭಾಷಣ ಆಗಿಹೋಗೇತ್ರಿ ಮೇಡಂ. ಈಗ ಅದು ಮರ ಅಲ್ಲ, ಕಳೆ ಅಂದ್ರ ನಾ ಮಾರಿ ಎಲ್ಲಿ ಇಟ್ಕೊಳ್ಳಲಿ?”

“ನಿಮ್ಮ ಮುಖಕ್ಕೆ ಏನೂ ಆಗಲ್ಲ ಸಾರ್. ಆಯಮ್ಮನ ಕೆರೆ ಒಂದ್ಸಲ ಮುಚ್ಚಿದ್ರೆ ಮುಗೀತು. ನಾನು ಸಹಿ ಹಾಕಲ್ಲ.”

ನನ್ನ ಸಹಿಯಿಲ್ಲದೆ ಅಂತಿಮ ನಕ್ಷೆ ಹೊರಡುವಂತಿರಲಿಲ್ಲ. ಮುಖ್ಯಸ್ಥರು ಗೊಣಗುತ್ತಲೇ ಕೊನೆಗೆ ಒಪ್ಪಿದರು. ನಕ್ಷೆಯಲ್ಲಿ ಆ ಜಾಗ ನೀಲಿಯಾಯಿತು, ಬಿಲ್ಡರ್ ಹಿಂದೆ ಸರಿದ. ಮುಂದಿನ ಸಂಕಿರಣದಲ್ಲಿ ಮುಖ್ಯಸ್ಥರು ಇದನ್ನೇ ‘ನಮ್ಮ ಕ್ಷೇತ್ರಕಾರ್ಯದ ಗೆಲುವು’ ಎಂದು ಹೇಳಿ ಮತ್ತೊಂದು ಹೂಗುಚ್ಛ ಹೊಡೆದುಕೊಂಡರು. ಅಸಹ್ಯವಾಯಿತು.

ಸುದ್ದಿ ಹೇಳಲು ಶೆಫಾಲಿದಿಯ ಬಳಿ ಹೋದೆ. ಫ್ಲ್ಯಾಟುಗಳ ಕೊಳಚೆ ಇನ್ನೂ ಕೆರೆಗೆ ಬೀಳುತ್ತಲೇ ಇತ್ತು. ಅವಳು ಕುಣಿದಾಡಲಿಲ್ಲ. ಕೋಲಿಗೆ ಸಿಕ್ಕಿಕೊಂಡ ಕಳೆಯನ್ನು ಬಿಡಿಸುತ್ತಾ, “ಒಳ್ಳೇದಾಯ್ತು ದೀದಿ, ನಿಮ್ಮ ನಕ್ಷೆಗೆ ನೀರು ಬಂತು. ನನ್ನ ಪುಕುರ್‌ಗೆ ಯಾವಾಗ ಬರುತ್ತೆ?” ಎಂದಳು.

ಸ್ಯಾಟಲೈಟ್ ಸುಳ್ಳು ಹೇಳಿರಲಿಲ್ಲ, ಹಸಿರಿತ್ತು, ಹಸಿರೆಂದಿತು. ಎಲ್ಲಿ ಕಾಲಿಡಲು ಹೇಸಿಗೆಯಾಗುತ್ತದೋ ಅಲ್ಲಿಗೇ ಮೊದಲು ಹೋಗಬೇಕು ಎಂಬುದು ಈ ವೃತ್ತಿ ನನಗೆ ಕಲಿಸಿದ ಪಾಠ. ಅವಳ ಪ್ರಶ್ನೆಗೆ ಉತ್ತರ ಕೊಡುವುದನ್ನು ಮಾತ್ರ ಅದು ಕಲಿಸಲಿಲ್ಲ.