ಮೊಳೆಗೆ ನೇತುಹಾಕಿದ ಪೈಪು

ಆಗ ನನಗೆ ಅರವತ್ತೊಂದು. ಈಗ್ಗೆ ಎಂಟು ವರ್ಷದ ಹಿಂದಿನ ಮಾತು. ಗ್ಯಾಸ್ ಒಲೆ ರಿಪೇರಿಯ ದಾವೀದಪ್ಪ ನಮ್ಮ ಮನೆಗೆ ಬಂದರೆ ಮೊದಲು ಒಳಗೆ ಬರುತ್ತಿದ್ದುದು ಅವರ ಮೂಗು. ಸೈಕಲ್ಲನ್ನು ಗೇಟಿಗೆ ಒರಗಿಸಿ, ಹೊಸ್ತಿಲಲ್ಲಿ ನಿಂತು, ಕಣ್ಣು ಮುಚ್ಚಿ ಎರಡು ಸಲ ಉಸಿರೆಳೆಯುತ್ತಿದ್ದರು. ಗ್ಯಾಸಿನ ವಾಸನೆ ಇಲ್ಲ ಅಂತ ಖಾತ್ರಿಯಾದ ಮೇಲೇ "ವಂದನೆ ಸಾರಮ್ಮ" ಅನ್ನುವುದು. ಅಲ್ಲಿಯವರೆಗೆ ನಾನು ಏನು ಕೇಳಿದರೂ ಉತ್ತರವಿಲ್ಲ.

ನಮ್ಮ ಮನೆ ಗೋಕುಲಂನಲ್ಲಿ. ಒಲೆ ಒಳಗೆ ಅಡುಗೆಮನೆಯಲ್ಲಿ, ತಿಂಡಿ ವ್ಯಾಪಾರ ವರಾಂಡದಲ್ಲಿ. ಯೋಗ ಕಲಿಯಲು ಬಂದ ಫಾರಿನ್ನವರು ಬೆಳಿಗ್ಗೆ ಕೈಕಾಲು ತಿರುಚಿ ಮುಗಿಸಿ, ಹಸಿದುಕೊಂಡು ಬಂದು ನನ್ನ ಕಲ್ಲುಬೆಂಚಿನ ಮೇಲೆ ಕೂರುತ್ತಿದ್ದರು. ದೋಸೆ, ಇಡ್ಲಿ, ಖಾರವಿಲ್ಲದ ಚಟ್ನಿ. ಆರು ಗಂಟೆಗೆ ಹೊತ್ತಿದ ಒಲೆ ಹನ್ನೊಂದರವರೆಗೂ ಆರುತ್ತಿರಲಿಲ್ಲ. ಅದಕ್ಕೇ ದಾವೀದಪ್ಪ ಗುರುವಾರ ಗುರುವಾರ ಬಂದು ಒಲೆ ನೋಡಿ ಹೋಗುತ್ತಿದ್ದರು.

ಅವರ ತಗಡಿನ ಪೆಟ್ಟಿಗೆಯಲ್ಲಿ ಒಂದು ಶೇವಿಂಗ್ ಬ್ರಷ್ ಇತ್ತು. ತಮ್ಮ ಮುಖಕ್ಕೆ ವಾರಗಟ್ಟಲೆ ಬ್ರಷ್ ಮುಟ್ಟಿಸದ ಮನುಷ್ಯ, ಸೋಪಿನ ನೊರೆ ಮಾಡಿ ಊರವರ ಗ್ಯಾಸ್ ಪೈಪಿಗೆಲ್ಲ ಬಳಿಯುತ್ತಿದ್ದರು. ಗುಳ್ಳೆ ಎದ್ದ ಕಡೆ ಸೋರುತ್ತಿದೆ ಅಂತ ಲೆಕ್ಕ. ಇನ್ನೊಂದು ಚಾಳಿ, ರೆಗ್ಯುಲೇಟರನ್ನು ಅವರು ಮುಟ್ಟುತ್ತಿರಲಿಲ್ಲ. ಮನೆಯವರೇ ಬಂದು ತಮ್ಮ ಕೈಯಾರೆ ಬಂದ್ ಮಾಡಬೇಕು, ಆಮೇಲೆಯೇ ಸ್ಪ್ಯಾನರ್ ಹಿಡಿಯುವುದು. ಕುವೆಂಪುನಗರದಲ್ಲಿ ಒಬ್ಬರು ಡಾಕ್ಟರ ಹೆಂಡತಿ ಸೋಫಾದಿಂದ ಏಳದೆ ನೀವೇ ತಿರುಗಿಸಿಕೊಳ್ಳಿ ಅಂದಿದ್ದಕ್ಕೆ, ಪೆಟ್ಟಿಗೆ ಎತ್ತಿಕೊಂಡು ವಾಪಸ್ ಬಂದಿದ್ದರಂತೆ.

ರಿಪೇರಿಗೆ ಎಷ್ಟು ಹೊತ್ತೋ ಯೇಸು ಕೊಡುವ ರಕ್ಷಣೆಯ ಮಾತಿಗೂ, ಚರ್ಚಿಗೆ ಬನ್ನಿ ಅನ್ನುವುದಕ್ಕೂ ಅಷ್ಟೇ ಹೊತ್ತು. ನಾನು ಹುಟ್ಟಾ ಕ್ರಿಸ್ತಿಯನ್. ಕೂಸಾಗಿದ್ದಾಗಲೇ ದೀಕ್ಷಾಸ್ನಾನ ಆಗಿದೆ. ಯೇಸು ನಮ್ಮ ಪಾಪಕ್ಕಾಗಿ ಸತ್ತು ಎದ್ದದ್ದು ನನಗೆ ಬಾಯಿಪಾಠ. ಚರ್ಚಿಗೆ ಹೋಗಿ ಮಾತ್ರ ಹನ್ನೆರಡು ವರ್ಷವಾಗಿತ್ತು, ಮನೆಯಲ್ಲಿ ಪ್ರಾರ್ಥನೆಯೂ ಇಲ್ಲ. ದೇವರ ಮೇಲೆ ಸಿಟ್ಟೇನೂ ಇಲ್ಲ. ಭಾನುವಾರ ಗಿರಾಕಿ ಜಾಸ್ತಿ, ಅಷ್ಟೆ.

"ಬೇಡ ಅನ್ನೋರ ಹತ್ರ ವಾದ ಮಾಡಬೋದು ಕಣಮ್ಮ," ಅನ್ನುತ್ತಿದ್ದರು. "ಆಯ್ತು ಆಯ್ತು, ಆಮೇಲೆ ಅನ್ನೋರ ಹತ್ರ ಏನ್ ಮಾಡಾದು? ದೇವರು ಹೆತ್ತ ಮಗನ್ನೇ ಕೊಟ್ಟು ತಂದಿರೋ ರಕ್ಷಣೆ ಇದು. ಇದಕ್ಕಿಂತ ದೊಡ್ಡದು ಅವನ ಹತ್ರಾನೂ ಇಲ್ಲ. ಇದನ್ನೂ ಬದಿಗಿಟ್ಬುಟ್ರೆ ಇನ್ಯಾವ ಬಾಗಿಲಿಗೆ ಓಗ್ತೀರಿ?"

ನಾನು ಆಯ್ತು ಅಂತ ದೋಸೆ ಮಗುಚುತ್ತಿದ್ದೆ.

ಒಮ್ಮೆ ಜರ್ಮನಿಯ ಹುಡುಗಿಯೊಬ್ಬಳು ಬೆಂಚಿನ ಮೇಲೆ ಕಣ್ಣು ಮುಚ್ಚಿ ಕೂತಿದ್ದಳು. ಇವಳಿಗೇನಾಗಿದೆ ಅಂತ ಕೇಳಿದರು. ಮನಶ್ಶಾಂತಿ ಹುಡುಕಿಕೊಂಡು ಬಂದವಳಂತೆ ಅಂದೆ. ದಾವೀದಪ್ಪ ಅವಳನ್ನೂ ನನ್ನನ್ನೂ ನೋಡಿದರು. "ಆ ಮಗು ಸಮುದ್ರ ದಾಟಿ ಬಂದೈತೆ. ನಿಮಗೆ ಚರ್ಚು ಮೂರು ಬೀದಿ ದಾಟಕ್ಕೆ ಆಗ್ತಿಲ್ಲ." ಅವಳು ಕಣ್ಣು ಬಿಟ್ಟು ನಕ್ಕಳು. ಅವಳಿಗೆ ಕನ್ನಡ ಬಾರದೆ ಇದ್ದದ್ದು ನನ್ನ ಪುಣ್ಯ.

ಆ ವರ್ಷ ನನ್ನ ಪೈಪು ಒಣಗಿ ಬಿರುಕು ಬಿಟ್ಟಿತ್ತು. ದಾವೀದಪ್ಪ ತಾವೇ ಒಂದು ಹೊಸ ಪೈಪು ತಂದರು, ಇದು ನನ್ನ ಕಡೆಯಿಂದ, ಏನೂ ಕೊಡಬೇಡಿ ಅಂದರು. ಒಲೆ ಆರಿಸಿದರೆ ಹತ್ತು ನಿಮಿಷದ ಕೆಲಸ. ಜನ ಕಾಯುತ್ತಿದ್ದಾರೆ, ಮೊಳೆಗೆ ತಗುಲಿ ಹಾಕಿ, ಮಧ್ಯಾಹ್ನ ಬನ್ನಿ ಅಂದೆ. ಮಧ್ಯಾಹ್ನ ಬಂದರೆ ಕಾಲು ಚಾಚಿ ಮಲಗಿದ್ದೆ, ಮುಂದಿನ ವಾರ ಅಂದೆ. ಆ ಕಿತ್ತಳೆ ಬಣ್ಣದ ಪೈಪು ಕ್ಯಾಲೆಂಡರ್ ಪಕ್ಕದಲ್ಲಿ ಸುರುಳಿ ಸುತ್ತಿಕೊಂಡು ಎರಡು ತಿಂಗಳು ನೇತಾಡಿತು. ನೋಡಿದಾಗೆಲ್ಲ, ಹೊಸದು ಇದೆಯಲ್ಲ ಅಂತ ನನಗೆ ಒಂಥರಾ ಧೈರ್ಯ.

ಗ್ಯಾಸ್ ವಾಸನೆ ಬರುತ್ತಿಲ್ಲವಾ ಅಂತ ಅವರು ಕೇಳಿದರೆ ನನಗೇನೂ ಬರುತ್ತಿಲ್ಲ ಅನ್ನುತ್ತಿದ್ದೆ. ಸುಳ್ಳಲ್ಲ, ನಿಜವಾಗಿ ಬರುತ್ತಿರಲಿಲ್ಲ.

"ದಿನಾ ಅದರಲ್ಲೇ ಇರೋರಿಗೆ ಗೊತ್ತಾಗಲ್ಲ ಕಣಮ್ಮ," ಅಂದರು. "ಅದೇ ಭಯ ನಂಗೆ."

ಒಂದು ಗುರುವಾರ ಎರಡನೇ ದೋಸೆ ಹೊಯ್ಯುವಾಗ ಕಟ್ಟೆಯ ಕೆಳಗೆ ಭಗ್ ಅಂತ ಹತ್ತಿಕೊಂಡಿತು. ಓಡಬೇಕು ಅಂತ ಗೊತ್ತಿದ್ದೂ ಸೌಟು ಹಿಡಿದು ನಿಂತುಬಿಟ್ಟೆ. ಗೇಟಿನ ಹತ್ತಿರವೇ ವಾಸನೆ ಹಿಡಿದ ದಾವೀದಪ್ಪ ಸೈಕಲ್ ಬೀಳಿಸಿ ಓಡಿ ಬಂದು, ನನ್ನನ್ನು ವರಾಂಡಕ್ಕೆ ತಳ್ಳಿ, ಬರಿಗೈಯನ್ನು ಬೆಂಕಿಯೊಳಗೆ ಹಾಕಿ ಸಿಲಿಂಡರ್ ಬಂದ್ ಮಾಡಿದರು. ನನ್ನ ಮನೆಯಲ್ಲಿ ಅವರು ರೆಗ್ಯುಲೇಟರ್ ಮುಟ್ಟಿದ್ದು ಅದೊಂದೇ ಸಲ. ನನ್ನ ಎಡ ಹುಬ್ಬು ಹೋಯಿತು, ಈಗಲೂ ಸರಿಯಾಗಿ ಬೆಳೆದಿಲ್ಲ. ಅವರ ಬಲ ಅಂಗೈ ಚರ್ಮವೇ ಸುಲಿದಿತ್ತು. ಗೋಡೆಯ ಮೇಲಿನ ಹೊಸ ಪೈಪು ಕ್ಯಾಲೆಂಡರಿನ ಜೊತೆ ಕರಗಿ ಜೋತುಬಿದ್ದಿತ್ತು. ಅವರು ಕೈಯನ್ನು ನೀರಿನಲ್ಲಿ ಅದ್ದಿಕೊಂಡು ಅದನ್ನೇ ನೋಡುತ್ತಿದ್ದರು.

"ನೋಡ್ರಮ್ಮ, ತಗುಲಾಕಿದ್ದು ತಗುಲಾಕ್ದಂಗೇ ಓಯ್ತು," ಅಂತ ನಕ್ಕರು. ನನಗೆ ನಗು ಬರಲಿಲ್ಲ.

ಮುಂದಿನ ವಾರ ಎಡಗೈಯಲ್ಲೇ ಇನ್ನೊಂದು ಪೈಪು ಹಾಕಿಕೊಟ್ಟರು. ಆ ಸಲ ಕೇಳುವುದಕ್ಕೆ ಮುಂಚೆಯೇ ಒಲೆ ಆರಿಸಿದೆ. ಚರ್ಚಿಗೆ? ಹೋಗಲಿಲ್ಲ. ಗಿರಾಕಿ ಜಾಸ್ತಿ.

ಮಳೆಗಾಲ ಕಳೆಯುವಷ್ಟರಲ್ಲಿ ಅವರಿಗೆ ಎದೆನೋವು ಶುರುವಾಯಿತು. ಎರಡು ಗುರುವಾರ ಬರಲಿಲ್ಲ. ಶನಿವಾರ ಸಂಜೆ ಒಂಟಿಕೊಪ್ಪಲಿನ ಅವರ ಮನೆಗೆ ನಾಲ್ಕು ಇಡ್ಲಿ ಕಟ್ಟಿಕೊಂಡು ಹೋದೆ. ಮಂಚದಲ್ಲಿ ಒರಗಿದ್ದರು. ಇಡ್ಲಿ ಕಲ್ಲಿನ ಹಾಗಿದೆ ಅಂತ ಕೊಂಕು ತೆಗೆದರು, ಎರಡು ತಿಂದರು. ಅಂಗೈಯ ಚರ್ಮ ಇನ್ನೂ ಮಗುವಿನದರ ಹಾಗೆ ಕೆಂಪಗಿತ್ತು. ಅರ್ಧ ಗಂಟೆ ಕೂತರೂ ಚರ್ಚಿನ ಸುದ್ದಿ ಎತ್ತಲಿಲ್ಲ. ನನಗೇ ತಡೆಯಲಾಗಲಿಲ್ಲ.

"ಯಾಕಣ್ಣ, ಇವತ್ತು ಕರೀಲಿಲ್ಲ?"

"ಕರ್ದೂ ಕರ್ದೂ ನನ್ನ ಮಾತು ನಿಮಗೆ ಗ್ಯಾಸ್ ವಾಸನೆ ಆಗೋಯ್ತು ಸಾರಮ್ಮ. ಮೂಗಿಗೆ ತಾಕಲ್ಲ." ಸುಟ್ಟ ಆ ಕೈ ಎತ್ತಿ ತೋರಿಸಿದರು. "ಅವತ್ತು ನಾನು ಬಂದು ತಿರುಗಿಸ್ಬುಟ್ಟೆ. ನಿಮ್ಮ ಮನಸ್ನ ನಾನು ತಿರುಗಿಸಕ್ಕಾಗಲ್ಲ."

ಬರುತ್ತೇನೆ ಅಂತ ಹೇಳಿ ಎದ್ದೆ. ಬುಧವಾರ ಅವರು ತೀರಿಕೊಂಡರು ಅಂತ ಸುದ್ದಿ ಬಂತು. ಮಣ್ಣಿಗೆ ಹೋಗಿದ್ದೆ, ಜನ ತುಂಬ ಇದ್ದರು, ಎಲ್ಲರೂ ಅವರ ಮೂಗಿನ ಮಾತೇ ಆಡುತ್ತಿದ್ದರು. ನಾನು ಹೇಳಬೇಕಾದದ್ದು ಅದಲ್ಲ, ಆ ಶನಿವಾರದ ಮಾರನೆಯ ಬೆಳಿಗ್ಗೆಯದು.

ಭಾನುವಾರ. ಹಿಟ್ಟು ಚೆನ್ನಾಗಿ ಉಬ್ಬಿತ್ತು. ಕಲ್ಲುಬೆಂಚಿನ ಮೇಲೆ ಆರು ಜನ ಕೂತಿದ್ದರು. ದೋಸೆ ಇಲ್ಲ ಅಂತ ಕೈಯಾಡಿಸಿದೆ. ಒಳಗೆ ಹೋಗಿ ಬಗ್ಗಿ ರೆಗ್ಯುಲೇಟರ್ ಬಂದ್ ಮಾಡಿ, ಸೀರೆ ಬದಲಾಯಿಸಿ, ಮೂರು ಬೀದಿ ನಡೆದೆ. ಚರ್ಚಿನ ಬಾಗಿಲಲ್ಲಿ ನಿಂತು, ಕಣ್ಣು ಮುಚ್ಚಿ ಎರಡು ಸಲ ಉಸಿರೆಳೆದುಕೊಂಡು, ಒಳಗೆ ಹೋದೆ.