ಸತ್ತವನ ಐದು ಸ್ಟಾರು

ಹಳೆ ದೋಣಿ ಕೊಳ್ಳುವವನು ಬಣ್ಣ ನೋಡುವುದಿಲ್ಲ, ಬಗ್ಗಿ ತಳ ನೋಡುತ್ತಾನೆ. ಕಾರ್ಲಿಸ್ ವೆಂಟ್‌ಗೆ ಹಾಗೆ ಬೆಲೆ ಕಟ್ಟುವುದಾದರೆ: ಮೈಕಟ್ಟು ಗಟ್ಟಿ, ವರ್ಷಗಟ್ಟಲೆ ಬ್ಲೂಬೆರಿ ಪೆಟ್ಟಿಗೆ ಎತ್ತಿದ ಭುಜ. ಎಡ ಮಂಡಿ ಸವೆದಿದೆ, ಚಳಿ ಬಿದ್ದರೆ ಕಿರುಗುಟ್ಟುತ್ತದೆ. ಮೂಗು ಒಂದನೇ ದರ್ಜೆ. ನಾಲಿಗೆಗೆ ಮಾತ್ರ ಗಿರಾಕಿ ಸಿಗುವುದು ಕಷ್ಟ. ತುಕ್ಕು ಹಿಡಿದ ಚುಕ್ಕಾಣಿಯ ಹಾಗೆ ಅದು ಸುಳ್ಳಿನ ಕಡೆಗೆ ತಿರುಗುವುದೇ ಇಲ್ಲ. ಇಂಥ ಹೆಂಗಸನ್ನು ಗಲ್ಲೆಯ ಹಿಂದೆ ನಿಲ್ಲಿಸುವ ವ್ಯಾಪಾರಿಗೆ ಒಂದೋ ಧೈರ್ಯ ಇರಬೇಕು, ಇಲ್ಲವೇ ಬುದ್ಧಿ ಕಡಿಮೆ ಇರಬೇಕು. ಟ್ರೆಂಟ್ ವ್ಯಾಂಡರ್‌ಮೋಲನ್‌ಗೆ ಧೈರ್ಯ ಇರಲಿಲ್ಲ.

ಟ್ರೆಂಟನದು ಗಾಂಜಾ ಅಂಗಡಿ. ಅಮೆರಿಕದ ಇಂಡಿಯಾನಾ ರಾಜ್ಯದ ಗಡಿ ದಾಟಿ ಪಕ್ಕದ ಮಿಶಿಗನ್‌ಗೆ ಬಂದರೆ ರಸ್ತೆಯ ಎರಡೂ ಬದಿಗೆ ಅವೇ ಅಂಗಡಿಗಳು. ಆಚೆ ಅಪರಾಧ, ಈಚೆ ವ್ಯಾಪಾರ. ಹುಡುಕು ಯಂತ್ರದ ಕಂಪನಿ ಗಾಂಜಾದವರ ಜಾಹೀರಾತನ್ನು ದುಡ್ಡು ಕೊಟ್ಟರೂ ಮುಟ್ಟುವುದಿಲ್ಲ. ಹಾಗಾಗಿ ಇಂಡಿಯಾನಾದವನು ಕಾರಿನಲ್ಲಿ ಕೂತು "ಹತ್ತಿರದ ಗಾಂಜಾ ಅಂಗಡಿ" ಎಂದು ಫೋನಿಗೆ ಕೇಳಿದಾಗ ಮ್ಯಾಪಿನಲ್ಲಿ ಮೊದಲು ಮೂಡುವ ಮೂರು ಹೆಸರುಗಳಿಗೆ ಹಬ್ಬ, ಉಳಿದವರಿಗೆ ಉಪವಾಸ. ಟ್ರೆಂಟ್ ಎದ್ದ ಕೂಡಲೇ ಮುಖ ತೊಳೆಯುವ ಮೊದಲು ನೋಡುತ್ತಿದ್ದುದು ಆ ಮ್ಯಾಪನ್ನು. ಹೆಸರು ಮೂರರೊಳಗಿದ್ದರೆ ಅಂಗಡಿಗೆ ಡೋನಟ್ ತರುತ್ತಿದ್ದ.

ಮೂರರೊಳಗೆ ಉಳಿಯಲು ಅವನು ಕಂಡುಕೊಂಡ ದಾರಿ ಒಂದು ಸೆಂಟಿನ ಬೀಡಿ. ಗಾಂಜಾ ಬೀಡಿಯನ್ನು ಪುಕ್ಕಟೆ ಕೊಟ್ಟರೆ ಪರವಾನಗಿಗೆ ಸಂಚಕಾರ, ಅದಕ್ಕೇ ಹೆಸರಿಗೊಂದು ಸೆಂಟು ಬೆಲೆ, ಡಾಲರಿನ ನೂರರಲ್ಲೊಂದು ಪಾಲು. ಗಿರಾಕಿ ಗಲ್ಲೆಯ ಮುಂದೆಯೇ ಫೋನ್ ತೆಗೆದು ಐದು ಸ್ಟಾರ್ ಒತ್ತಬೇಕು, "ಸೂಪರ್ ಅಂಗಡಿ" ಎಂದು ಬರೆಯಬೇಕು, ಕಾರ್ಲಿಸ್‌ಗೆ ತೋರಿಸಬೇಕು. ಸರಕಿನ ವಾಸನೆಯನ್ನೂ ನೋಡದವರು ಹೊಗಳಿಕೆ ಬರೆದು, ಜಿಡ್ಡು ಬೆರಳಿನ ಫೋನನ್ನು ಅವಳ ಮೂಗಿಗೆ ಹಿಡಿದು ಕೈಚಾಚುತ್ತಿದ್ದರು.

ಆ ಬೀಡಿ ಬೇಡವೆಂದವನು ಎಲ್ವುಡ್ ಪ್ರುಸಾಕ್ ಒಬ್ಬನೇ. ಇಂಡಿಯಾನಾದ ಗೇರಿ ಎಂಬ ಊರಿನ ಉಕ್ಕಿನ ಕಾರ್ಖಾನೆಯಿಂದ ನಿವೃತ್ತನಾದ ಮುದುಕ, ಎಲುಬಿಗೆ ಕ್ಯಾನ್ಸರ್ ಇಳಿದಿತ್ತು. ರಾತ್ರಿ ನಿದ್ದೆ ಬರಲೆಂದು ಗಾಂಜಾ ಬೆರೆಸಿದ ಜೆಲ್ಲಿ ಮಿಠಾಯಿ ಒಯ್ಯುತ್ತಿದ್ದ. ಒಂದು ದಿನ ಟ್ರೆಂಟನ ಕಾಟಕ್ಕೆ ಅವನೂ ಒಂದು ರಿವ್ಯೂ ಬರೆದ: "ಅಂಗಡಿ ಮುಂದೆ ಗುಂಡಿಗಳಿವೆ. ದುಬಾರಿಯದು ಬೇಡ, ಅಗ್ಗದ್ದೇ ಸಾಕು ಎಂದು ಗಲ್ಲೆಯ ಹೆಂಗಸು ಹೇಳಿದಳು. ನಿದ್ದೆ ಬಂತು." ನಾಲ್ಕು ಸ್ಟಾರ್.

"ಐದು ಯಾಕಿಲ್ಲ ಯಜಮಾನ್ರೇ?" ಎಂದು ಕಾರ್ಲಿಸ್ ರೇಗಿಸಿದಳು.

"ಐದು ಕೊಡೋಕೆ ಇದೇನು ಸ್ವರ್ಗಾನಾ ಹುಡುಗೀ? ನಮ್ಮ ಪಾದ್ರಿಗೇ ನಾನು ಕೊಟ್ಟಿರೋದು ಮೂರು."

ಟ್ರೆಂಟ್ ಅದನ್ನು ಓದಿ ಉರಿದುಬಿದ್ದ. "ಗುಂಡಿ ಬಗ್ಗೆ ಬರ್ದಿದಾನಲ್ರೀ ಆ ಮುದುಕ!"

"ಗುಂಡಿ ಇದೆಯಲ್ಲ ಮರಿ. ಮುಚ್ಚಿಸು, ಐದು ಕೊಡ್ತಾರೆ."

ಗುಂಡಿ ಮುಚ್ಚಲಿಲ್ಲ. ಫೆಬ್ರವರಿಯಲ್ಲಿ ಎಲ್ವುಡ್ ಸತ್ತ. ಅಂಗಡಿಯಿಂದ ಮಣ್ಣಿಗೆ ಹೋದವಳು ಕಾರ್ಲಿಸ್ ಮಾತ್ರ.

ಹಿಮ ಕರಗುವ ಹೊತ್ತಿಗೆ ಹುಡುಕು ಯಂತ್ರದ ಅಲ್ಗಾರಿದಮ್ ಬದಲಾಯಿತು. ಯಾರು ಬದಲಿಸಿದರು, ಯಾಕೆ ಬದಲಿಸಿದರು ಎಂದು ಕೇಳಲು ಅಲ್ಲಿ ಬಾಗಿಲೂ ಇಲ್ಲ, ಬಡಿಯಲು ಚಿಲಕವೂ ಇಲ್ಲ. ಟ್ರೆಂಟನ ಅಂಗಡಿ ಎರಡನೆಯ ಜಾಗದಿಂದ ಜಾರಿ ಎಲ್ಲಿ ಬಿತ್ತೆಂದರೆ, ಅವನೇ ಬೆರಳು ಸವೆಸಿ ಹುಡುಕಬೇಕಾಯಿತು. ಡೋನಟ್ ನಿಂತಿತು. ಇಂಥದಕ್ಕೆಲ್ಲ ಮದ್ದು ಹೇಳುವ ಶಿಕಾಗೊದ ಒಬ್ಬನಿಗೆ ಫೋನ್ ಮಾಡಿದಾಗ ಅವನು, "ಬರೀ ಸ್ಟಾರಿಗೆ ಈಗ ಕಿಮ್ಮತ್ತಿಲ್ಲ. ನಿಜವಾದ ಮನುಷ್ಯರ ಉದ್ದುದ್ದ ಕತೆ ಬೇಕು. ರೋಗ ಇದ್ದರೆ ಇನ್ನೂ ಚೆಂದ" ಎಂದನಂತೆ.

"ನಾಲ್ಕಾರು ಕತೆ ಬರ್ದು ಕೊಡ್ರೀ," ಎಂದು ಟ್ರೆಂಟ್ ಕಾರ್ಲಿಸ್‌ಗೆ ಗಂಟುಬಿದ್ದ. "ಗಿರಾಕಿಗಳ ಹೆಸರೆಲ್ಲಾ ನಿಮಗೆ ಗೊತ್ತಲ್ಲ."

"ಹೆಸರು ಗೊತ್ತು ಅಂತ ಅವರ ಬಾಯಿ ನಂದಾಗುತ್ತಾ? ಹೋಗು, ಗುಂಡಿ ಮುಚ್ಚು."

ಅವನು ಮತ್ತೆ ಕೇಳಲಿಲ್ಲ. ಆದರೆ ತಿಂಗಳೊಳಗೆ ಅಂಗಡಿ ಮೂರರೊಳಗೆ ಬಂತು, ಡೋನಟ್ಟೂ ಬಂತು, ಕಾರುಗಳು ಗುಂಡಿ ಇಳಿದು ಹತ್ತಿ ಸಾಲುಗಟ್ಟಿದವು. ಗಾಳಿ ತಿರುಗಿರಬೇಕು ಎಂದುಕೊಂಡಳು ಕಾರ್ಲಿಸ್.

ಒಂದು ಮಂಗಳವಾರ ಉಣ್ಣೆ ಟೋಪಿ ಹಾಕಿದ ಹೆಂಗಸೊಬ್ಬಳು ಸಾಲಿನಲ್ಲಿ ನಿಂತು ಬಂದು, "ಎಲ್ವುಡ್ ತಿಂದ ಮಿಠಾಯಿ ಕೊಡಿ" ಎಂದಳು.

"ಯಾವ ಎಲ್ವುಡ್ಡು, ಅಮ್ಮಾ?"

ಹೆಂಗಸು ಫೋನ್ ತೋರಿಸಿದಳು. ಎಲ್ವುಡ್ ಪಿ., ಐದು ಸ್ಟಾರ್. "ಡಾಕ್ಟರರು ಕೈಬಿಟ್ಟಿದ್ದರು. ಈ ಮಿಠಾಯಿಯಿಂದ ನನ್ನ ಗಡ್ಡೆ ಎರಡೇ ತಿಂಗಳಲ್ಲಿ ಕರಗಿತು. ಕಾರ್ಲಿಸ್, ನಿನಗೆ ದೇವರು ಒಳ್ಳೆಯದು ಮಾಡಲಿ!"

ತನ್ನ ಹೆಸರನ್ನು ಅಲ್ಲಿ ಕಂಡಾಗ ಕಾರ್ಲಿಸ್‌ಗೆ ಸತ್ತ ಇಲಿಯನ್ನು ಬರಿಗೈಯಲ್ಲಿ ಹಿಡಿದಂತಾಯಿತು.

"ನನ್ನ ತಂಗಿಗಮ್ಮಾ," ಎಂದಳು ಆ ಹೆಂಗಸು. "ಗುರುವಾರ ಮತ್ತೆ ಆಸ್ಪತ್ರೆಗೆ ಹೋಗ್ಬೇಕು, ಕಿಮೋಗೆ. ಹೋಗಲ್ಲ ಅಂತ ಹಟ ಹಿಡಿದಿದಾಳೆ. ಅದು ಬಿಟ್ಟು ಇದನ್ನೇ ತಿಂತಾಳಂತೆ. ಎಷ್ಟು ಡಬ್ಬಿ ಬೇಕಾಗಬಹುದು?"

ಸಾಲು ಉದ್ದವಿತ್ತು. ಹಿಂದಿನ ಕೋಣೆಯ ಬಾಗಿಲಲ್ಲಿ ಟ್ರೆಂಟ್ ಡೋನಟ್ ಹಿಡಿದು ನಿಂತಿದ್ದ. ಇರುವ ಡಬ್ಬಿಗಳನ್ನೆಲ್ಲ ಅವಳ ಚೀಲಕ್ಕೆ ತುಂಬಿದ್ದರೆ ಆ ದಿನ ಎಲ್ಲರೂ ಸುಖವಾಗಿ ಮನೆಗೆ ಹೋಗುತ್ತಿದ್ದರು.

"ಎಲ್ವುಡ್ ಸತ್ತುಹೋದ್ರು ಕಣಮ್ಮಾ," ಎಂದಳು ಕಾರ್ಲಿಸ್, ಸಾಲಿಗೆಲ್ಲ ಕೇಳುವಂತೆ. "ಆ ಕ್ಯಾನ್ಸರಿಂದಾನೇ. ಪೆಟ್ಟಿಗೆ ಮುಚ್ಚೋ ಮೊದಲು ಮುಖ ನೋಡಿ ಬಂದೋಳು ನಾನು. ಇದು ಅವರಿಗೆ ನಿದ್ದೆ ಕೊಡ್ತು, ಅಷ್ಟೇ ಇದರ ಯೋಗ್ಯತೆ. ನಿದ್ದೆಗೆ ಬೇಕಾದ್ರೆ ಡಾಕ್ಟರನ್ನ ಕೇಳಿ ಒಂದು ಡಬ್ಬಿ ಒಯ್ಯಿ. ಗುರುವಾರ ತಂಗೀನ ಎಳ್ಕೊಂಡಾದ್ರೂ ಹೋಗಿ. ಹಟ ಮಾಡಿದ್ರೆ, ಎಲ್ವುಡ್ ಸತ್ತ ಅಂತ ಹೇಳಿ."

ಹೆಂಗಸು ಫೋನನ್ನೂ ಕಾರ್ಲಿಸ್‌ಳ ಮುಖವನ್ನೂ ಒಮ್ಮೆ ನೋಡಿದಳು. ಏನೂ ಕೊಳ್ಳದೆ ಹೊರಟುಹೋದಳು. ಅವಳ ಹಿಂದೆ ಇನ್ನೂ ಒಂದಿಬ್ಬರು ಹೊರಟರು.

"ಏನ್ರೀ ಮಾಡಿದ್ರಿ!" ಟ್ರೆಂಟನ ತುಟಿಯ ಮೇಲೆ ಸಕ್ಕರೆ ಅಂಟಿತ್ತು. "ಯಂತ್ರಕ್ಕೆ ಬೇಕಾಗಿರೋದು ಅದೇ, ನಾನೇನ್ ಮಾಡ್ಲಿ? ಸತ್ತೋನಿಗೆ ಏನು ನಷ್ಟ ಹೇಳಿ?"

"ನಷ್ಟ ಬದುಕಿರೋರಿಗೆ ಕಣೋ. ಬಾಯಿ ಒರೆಸ್ಕೋ."

ಅವಳು ಅಲ್ಲೇ ನಿಂತು ತನ್ನ ಫೋನ್ ತೆಗೆದು, ತನ್ನದೇ ಪೂರ್ತಿ ಹೆಸರಿನಲ್ಲಿ ಬರೆದಳು: "ಎಲ್ವುಡ್ ಪ್ರುಸಾಕ್ ಫೆಬ್ರವರಿಯಲ್ಲಿ ತೀರಿಕೊಂಡರು. ಗಡ್ಡೆ ಕರಗಿಸುವ ಮಿಠಾಯಿ ಇಲ್ಲಿಲ್ಲ. ನಾನು ಇಲ್ಲೇ ಕೆಲಸ ಮಾಡುತ್ತೇನೆ." ಒಂದು ಸ್ಟಾರ್.

"ನಾಳೆಯಿಂದ ಬರಬೇಡಿ," ಎಂದ ಟ್ರೆಂಟ್.

"ನಾಳೆ ತನಕ ಇರೋಳು ಯಾರು?" ಎಂದು ಹೇಳಿ ಕಾರ್ಲಿಸ್ ಹಿಂದಿನ ತೊಟ್ಟಿಯಲ್ಲಿ ಸೋಪು ಹಚ್ಚಿ ಕೈ ತೊಳೆದಳು. ಹೊರಡುವ ಮೊದಲು ಇನ್ನೊಮ್ಮೆ ತೊಳೆದಳು.

ಬ್ಲೂಬೆರಿ ಹಣ್ಣಾಗುವ ಹೊತ್ತಿಗೆ ಯಂತ್ರದ ಮನಸ್ಸು ಮತ್ತೆ ಬದಲಾಯಿತು. ಗಾಂಜಾ ಅಂಗಡಿಗಳ ರಿವ್ಯೂಗಳನ್ನು ಅದು ಕಸ ಗುಡಿಸಿದಂತೆ ಗುಡಿಸಿತು. ಬೀಡಿಗೆ ಬರೆದವು ಹೋದವು, ಸತ್ತವನ ಐದು ಸ್ಟಾರ್ ಹೋಯಿತು, ಕಾರ್ಲಿಸ್‌ಳ ಒಂದು ಸ್ಟಾರ್ ಹೋಯಿತು. ಎಲ್ವುಡ್ ತನ್ನ ಕೈಯಾರೆ ಬರೆದ ನಾಲ್ಕು ಸ್ಟಾರೂ, ಗುಂಡಿಯೂ ನಿದ್ದೆಯೂ ಹೋದವು. ಅದನ್ನಾದರೂ ಉಳಿಸಿಕೊಡಿ ಎಂದು ಕಾರ್ಲಿಸ್ ಕಂಪನಿಗೆ ಬರೆದಳು. "ನಿಮ್ಮ ಸಹಕಾರಕ್ಕೆ ಧನ್ಯವಾದ" ಎಂಬ ಉತ್ತರ ಬಂತು, ಬರೆದದ್ದು ಮನುಷ್ಯನಲ್ಲ. ಟ್ರೆಂಟ್ ಹೊಸ ಹೆಸರಿನ ಹಲಗೆ ತೂಗುಹಾಕಿ ಮತ್ತೆ ಮೂರರೊಳಗೆ ಬಂದಿದ್ದಾನೆ. ಗುಂಡಿ ಹಾಗೇ ಇದೆ.

ಕಾರ್ಲಿಸ್ ಈಗ ಮತ್ತೆ ಬ್ಲೂಬೆರಿ ಶೆಡ್ಡಿನಲ್ಲಿ ಹಣ್ಣು ಆರಿಸುತ್ತಾಳೆ. ಆ ಅಂಗಡಿಯ ಮಾತೆತ್ತಿದರೆ, "ಕೊಳೆತಿದ್ದು ಕೈಗೆ ಸಿಕ್ರೆ ಬಿಸಾಕ್ತೀವಪ್ಪಾ, ಕೂತು ಅದರ ಕತೆ ಹೇಳಲ್ಲ" ಎನ್ನುತ್ತಾಳೆ. ಹಾಗಾಗಿ ಇದನ್ನು ಹಳೆ ದೋಣಿ ಮಾರುವ ನಾನು ಹೇಳಬೇಕಾಯಿತು.

ಉಣ್ಣೆ ಟೋಪಿಯ ಹೆಂಗಸು ನನ್ನ ಹೆಂಡತಿಯ ಅಕ್ಕ. ಹಟ ಹಿಡಿದು ಮನೆಯಲ್ಲಿ ಮಲಗಿದ್ದವಳು ನನ್ನ ಹೆಂಡತಿ ರೋಸಲೀ. ಎಲ್ವುಡ್ ಸತ್ತ ಸುದ್ದಿ ಕೇಳಿ ಅವಳು ಗೋಡೆಗೆ ಮುಖ ಮಾಡಿ ಅತ್ತಳು, ಗುರುವಾರ ಬೆಳಿಗ್ಗೆ ತಾನೇ ಎದ್ದು ಕಾರು ಹತ್ತಿದಳು. ಇವತ್ತು ಅಂಗಳದಲ್ಲಿ ದೋಣಿಗೆ ಬಣ್ಣ ಬಳಿಯುತ್ತಾ, ಕುಂಚ ತೊಳೆಯದೆ ಇಟ್ಟೆನೆಂದು ನನ್ನನ್ನು ಬೈಯುತ್ತಿದ್ದಾಳೆ. ಈ ಬೈಗುಳಕ್ಕೆ ನಾನು ಕಾರ್ಲಿಸ್ ವೆಂಟ್‌ಗೆ ಋಣಿ.